ಲೆಕ್ಕದ ಯಂತ್ರದ ಬಾಗಿಲಲ್ಲಿ ಜವರಾಯಿ

ನಾನು ನಾನೇ ಎಂದು ನನಗೆ ಗೊತ್ತಿದ್ದರೆ ಸಾಲದು, ಬಾಗಿಲು ಕಾಯುವವನಿಗೂ ಗೊತ್ತಿರಬೇಕು. ಈ ಜ್ಞಾನ ನನಗೆ ಬಂದದ್ದು ಅರವತ್ತರ ದಶಕದಲ್ಲಿ, ಹಾಸನದ ಒಂದು ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿದ್ದಾಗ. ವಿಶ್ವವಿದ್ಯಾಲಯದವರು ನಮಗೊಂದು ಲೆಕ್ಕದ ಯಂತ್ರ ಕಳಿಸಿದ್ದರು. ಹಿಡಿ ತಿರುಗಿಸಿದರೆ ಕೂಡಿ, ಕಳೆದು, ಗುಣಿಸಿ, ಭಾಗಿಸಿ ಕೊಡುವ ಕಬ್ಬಿಣದ ಯಂತ್ರ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮೇಷ್ಟ್ರುಗಳೂ ಬಸ್ಸು ಹತ್ತಿ ಬಂದು ಅದನ್ನೇ ಬಳಸಬೇಕು. ಉಸ್ತುವಾರಿ ನನ್ನದು. ಸಂದರ್ಶನದಲ್ಲಿ "ಇಂಥದ್ದು ನಡೆಸೋಕೆ ಬರುತ್ತೇನ್ರೀ?" ಎಂದು ಕೇಳಿದಾಗ, ಕೆಲಸದ ಆಸೆಗೆ "ಚೆನ್ನಾಗಿ ಬರುತ್ತೆ ಸಾರ್" ಎಂದುಬಿಟ್ಟಿದ್ದೆ. ಬರುತ್ತಿದ್ದದ್ದು ಕೂಡುವುದು, ಕಳೆಯುವುದು ಮಾತ್ರ. ಭಾಗಾಕಾರಕ್ಕೆ ಕೈ ಹಾಕಿದರೆ ಯಂತ್ರ ಟಣ್ ಎಂದು ಗಂಟೆ ಬಾರಿಸುತ್ತಿತ್ತು, ನಾನು ಹಿಡಿ ಬಿಟ್ಟು ಎದ್ದುಬಿಡುತ್ತಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಈ ಗುಟ್ಟು ರಟ್ಟಾದರೆ ಗಂಟುಮೂಟೆ ಕಟ್ಟಬೇಕಾದದ್ದೇ.

ಒಂದು ದಿನ ಪ್ರಿನ್ಸಿಪಾಲರು ಕರೆದು, "ಕಂಡಕಂಡವರೆಲ್ಲ ಹೋಗಿ ಹಿಡಿ ತಿರುಗಿಸ್ತಾ ಇದ್ದಾರೆ. ಅನುಮತಿ ಇರುವವರು ಮಾತ್ರ ಒಳಗೆ ಹೋಗುವಂತೆ ಒಂದು ವಿಧಾನ ಮಾಡ್ರೀ" ಎಂದರು. ಮೊದಲು ವಾರಕ್ಕೊಂದು ಗುಟ್ಟಿನ ಮಾತು ಇಟ್ಟೆ. ಅದನ್ನು ಹೇಳಿದವರಿಗೆ ಬಾಗಿಲು ತೆರೆಯುವುದು. ನಮ್ಮ ಕಡೆಯ ಜನಕ್ಕೆ ಗುಟ್ಟು ಎಂದರೆ ಕೂಗಿ ಹೇಳುವ ವಿಷಯ ಎಂಬುದು ಮರೆತೇಹೋಗಿತ್ತು. ಚನ್ನರಾಯಪಟ್ಟಣದ ಮೇಷ್ಟ್ರೊಬ್ಬರು ಬಸ್ಸಿನಿಂದ ಇಳಿಯುತ್ತಲೇ ರಸ್ತೆಯ ಆಚೆ ಕಡೆಯಿದ್ದ ಸ್ನೇಹಿತನಿಗೆ, "ಲೇ, ಈ ವಾರ ಅವರೇಕಾಯೇನ್ಲಾ?" ಎಂದು ಕೂಗಿದರಂತೆ. ಉತ್ತರ ಕೊಟ್ಟವನು ಕಂಡಕ್ಟರ್: "ಅವರೇಕಾಯಿ ಓದ್ವಾರ ಕಣ್ ಸಾ, ಈ ವಾರ ಉರುಳಿಕಾಳು!"

ಆಮೇಲೆ ರುಜು ಹೋಲಿಸಿ ನೋಡುವ ಪದ್ಧತಿ ತಂದೆ. ಹೊಳೆನರಸೀಪುರದ ಅರ್ಥಶಾಸ್ತ್ರದ ಮೇಷ್ಟ್ರು ಒಂದು ಸಲ ಹಾಕಿದ ರುಜುವನ್ನು ಇನ್ನೊಂದು ಸಲ ಹಾಕಿದವರಲ್ಲ. ಅವರ ಹಳೆಯ ರುಜುವನ್ನು ತೋರಿಸಿದರೆ, "ಅಯ್ಯೋ, ಇದು ನಂದಲ್ಲ ಕಣ್ರೀ, ಯಾವನೋ ಕಳ್ಳ ಹಾಕಿದ್ದಾನೆ" ಎಂದು ತಾವೇ ಗಾಬರಿಯಾದರು. ಅದನ್ನೂ ಕೈಬಿಟ್ಟೆ.

ಕೊನೆಗೆ ದಾರಿ ತೋರಿಸಿದವನು ನಮ್ಮ ಅಟೆಂಡರ್, ಮಲ್ಲಿಪಟ್ಟಣದ ಜವರಾಯಿ. ಓದು ಬರಹ ಬಾರದು. "ಇದಕ್ಯಾಕ್ ಸಾ ಇಷ್ಟ್ ತಲೆ ಕೆಡಿಸ್ಕತೀರಿ? ಯಾವೂರು, ಯಾರ್ ಮಗ, ಎಣ್ಣು ಎಲ್ಲಿಂದ ತಂದವ್ರೆ ಅಂತ ಒಂದ್ಕಿತ ಕೇಳ್ಕಂಡ್ರೆ ಸಾಕು, ತಲೇಲಿ ಕುಂತ್ಬುಡ್ತದೆ" ಎಂದ. ನಮ್ಮ ಸೀಮೆಯಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಕೇಳುವ ಪ್ರಶ್ನೆಗಳೇ. ನಾನು ಹನ್ನೆರಡು ಜನರ ಹೆಸರು ಹೇಳಿಕೊಟ್ಟು, "ಇವರನ್ನು ಬಿಟ್ಟು ಬ್ರಹ್ಮ ಬಂದರೂ ಬಿಡಬೇಡ" ಎಂದು ಗತ್ತಿನಿಂದ ಅಪ್ಪಣೆ ಮಾಡಿದೆ. ಅನುಮಾನ ಬಂದರೆ ಅವನು "ನಿಮ್ಮಾವನ ಊರ್ ಯಾವ್ದು ಸಾ?" ಎನ್ನುತ್ತಿದ್ದ. ಬೇರೆಯವರ ಹೆಸರು ಹೇಳಿಕೊಂಡು ಬಂದವರು ಅಲ್ಲೇ ತಡವರಿಸಿ ವಾಪಸು. ಮೂರು ತಿಂಗಳು ನನಗೆ ಹಾಯೋ ಹಾಯಿ. ಆ ಕಡೆ ತಲೆ ಕೂಡ ಹಾಕಲಿಲ್ಲ.

ಆಗ ಬಂದರು, ವಿಶ್ವವಿದ್ಯಾಲಯದ ತಪಾಸಣಾಧಿಕಾರಿ. ಪ್ರಿನ್ಸಿಪಾಲರು ಅವರ ಮುಂದೆ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಅಧಿಕಾರಿಗಳು, "ಹಾಗಾದರೆ ನಡೀರಿ, ಒಂದು ದೊಡ್ಡ ಭಾಗಾಕಾರ ಮಾಡಿ ತೋರಿಸಿ" ಎಂದರು. ಮನೆದೇವರಿಗೆ ಹರಕೆ ಹೊತ್ತುಕೊಂಡೇ ಬಾಗಿಲಿಗೆ ಹೋದೆ. ಜವರಾಯಿ ಕೈ ಅಡ್ಡ ಹಿಡಿದ.

"ನಿಂತ್ಕಳಿ ಸಾ. ನಿಮ್ಮೆಸ್ರು ಇಲ್ಲ."

"ಏ, ನಾನು ಕಣಯ್ಯಾ!"

"ನೀವೇ ಅಂತ ಗೊತ್ತು ಸಾ. ನೀವು ಏಳಿದ್ ಅನ್ನೆಲ್ಡು ಜನದಾಗೆ ನೀವಿಲ್ಲ. ಬ್ರಮ್ಮ ಬಂದ್ರೂ ಬುಡಬ್ಯಾಡ ಅಂದೋರು ನೀವೇಯ."

ನಿಜ! ಎಲ್ಲರ ಹೆಸರು ಹೇಳಿ ನನ್ನದನ್ನೇ ಮರೆತಿದ್ದೆ. ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಅಧಿಕಾರಿಗಳು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಯಮ ಮಾಡಿದವನಿಗೂ ನಿಯಮ! ಬಿಡಿ, ಇದನ್ನ ಮುರಿಯೋದು ಬೇಡ. ನಾನು ನೋಡಬೇಕಾದದ್ದು ನೋಡಿದೆ" ಎಂದು ಬಾಗಿಲಿನಿಂದಲೇ ಹಿಂದಿರುಗಿದರು. ಆ ತಿಂಗಳೇ ಕೆಲಸ ಖಾಯಂ ಆದ ಆದೇಶ ಬಂತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿದೆ.

ಮರುದಿನ ಜವರಾಯಿಯ ಹತ್ತಿರ ಹೋಗಿ, "ನನ್ನ ಮಾನ ಉಳಿಸಿದೆ ಕಣಪ್ಪಾ" ಎಂದೆ. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಿಮ್ಗೆ ಬಾಗ ಮಾಡಕ್ಕೆ ಬರಕ್ಕಿಲ್ಲ ಅಂತ ನಂಗೊತ್ತು ಸಾ. ಎಲ್ರ ಕೈನೂ ನೋಡ್ತಾ ಇವ್ನಲ್ಲ. ಗಂಟೆ ಒಡುದ್ರೆ ಒಂದ್ ಸುತ್ತು ಇಂದಕ್ಕೆ ತಿರುಗ್ಸಾದು, ಆಮ್ಯಾಕೆ ಅಂಕಿನ ಒಂದ್ ಮನೆ ಪಕ್ಕಕ್ಕೆ ಜರುಗ್ಸಾದು. ಅಷ್ಟೇಯ. ಬುದವಾರ ಯಾರೂ ಬರಕ್ಕಿಲ್ಲ, ಬನ್ನಿ, ಏಳ್ಕೊಡ್ತೀನಿ."

ಬುಧವಾರ ಹೋದೆ. ಎಂ.ಎ. ಮಾಡಿದ, ಖಾಯಂ ಆದ, ಆ ಕೊಠಡಿಯ ಉಸ್ತುವಾರಿಯಾದ ನಾನು ಹೊಸ್ತಿಲಲ್ಲಿ ಕೈ ಕಟ್ಟಿ ನಿಂತು ಕೇಳಿದೆ: "ಒಳಗೆ ಬರಬಹುದಾ, ಮೇಷ್ಟ್ರೇ?"