ಹೊಟ್ಟೆಯ ಅಚ್ಚಿನ ಗಿಟಾರ್

ಬಾಗಿಲ ಹಲಗೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾಡಲು ಆಗುವುದಿಲ್ಲ ಎನ್ನುತ್ತೀರಾ? ಮುಖ ಆ ಕಡೆ ತಿರುಗಿಸಿ ನಗಬೇಡಿ ಸ್ವಾಮಿ, ನನಗೆ ಕಾಣಿಸುತ್ತದೆ. ನಲವತ್ತು ವರ್ಷ ಬಡಗಿ ಕೆಲಸ ಮಾಡಿದ ಕೈ ಇದು. ನಾನು ಮಾಡಿದ ಕುರ್ಚಿಯಲ್ಲಿ ಕೂತವರು ಏಳಲು ಮನಸ್ಸಾಗದೆ ಅಲ್ಲೇ ಮುದುಕರಾಗಿದ್ದಾರೆ. ಸರಿ, ಇಬ್ಬರೇ. ಕೂರುವಾಗಲೇ ಅವರಿಗೆ ಎಪ್ಪತ್ತು ದಾಟಿತ್ತು, ಬಿಡಿ.

ಮೊಮ್ಮಗಳ ಗಿಟಾರಿಗೆ ಮರದ ಕೆಲಸ ನನ್ನದು, ವೈರು ಸ್ವಿಚ್ಚು ಅವಳದು. ದೋಷ ಎರಡೇ. ಹಲಗೆಯ ಅಂಚು ಒತ್ತಿ ಅವಳ ಪಕ್ಕೆ ನೀಲಿಗಟ್ಟುತ್ತಿತ್ತು. ಸ್ಪೀಕರಿಗೆ ಸಿಕ್ಕಿಸಿದರೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ ಎನ್ನುತ್ತಿತ್ತು. ಭಾನುವಾರ ಸಂಜೆ ಐದಕ್ಕೆ ಅವಳ ತಂಡದ ಆಯ್ಕೆ. ಗೆದ್ದರೆ ವರ್ಷವಿಡೀ ದೊಡ್ಡ ಸಭಾಂಗಣದಲ್ಲಿ ನುಡಿಸಬಹುದು. ಸೋತರೆ ನಮ್ಮ ಗ್ಯಾರೇಜೇ ಗತಿ.

ಅಂದು ಬೆಳಗ್ಗೆ ಅವಳು ಗೆಳತಿಯ ಮನೆಗೆ ಹೋದದ್ದೇ ತಡ, ಅಂಗಿಯ ತೋಳು ಮಡಚಿದೆ.

“ಅವಳು ಬರೋದ್ರೊಳಗೆ ಇದನ್ನ ಹೂವಿನ ಹಾಗೆ ಮಾಡಿಡ್ತೀನಿ, ನೋಡ್ತಿರು.”

“ಅವಳು ಬರಲಿ. ಅವಳ ಮೈಗೆ ಇಟ್ಟು ಅಳತೆ ತಗೊಳ್ಳಿ,” ಎಂದಳು ನನ್ನಾಕೆ.

“ನನಗೇನು ಪಕ್ಕೆಲುಬು ಇಲ್ವಾ?”

“ಇರಬಹುದು. ನಾನು ನೋಡಿ ಮೂವತ್ತು ವರ್ಷ ಆಯ್ತು.”

ಇಂಥ ಮಾತಿಗೆಲ್ಲ ಕುಗ್ಗುವ ಕುಶಲಕರ್ಮಿಯೇ ನಾನು? ಅಂಗಿ ಬಿಚ್ಚಿದೆ, ಹೊಟ್ಟೆಗೆ ಪೌಡರ್ ಬಳಿದುಕೊಂಡೆ, ಗಿಟಾರಿನ ಬೆನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡೆ. ಮರದ ಮೇಲೆ ಆನೆ ಕಾಲಿಟ್ಟು ಹೋದಂಥ ಗುರುತು ಮೂಡಿತು. ಅದರ ಗೆರೆಗುಂಟ ಉಳಿ ಹಿಡಿದು ಕೆತ್ತಿದೆ. ನನ್ನ ಹೊಟ್ಟೆ ಎಷ್ಟು ಮುಂದಿದೆಯೋ ಅಷ್ಟು ಆಳಕ್ಕೆ ಕೆತ್ತಿದೆ. ಟಕ್ ಎಂದಿತು. ಒಳಗಿಂದ ಒಂದು ಕೆಂಪು ವೈರು ಇಣುಕಿ ನನ್ನನ್ನೇ ನೋಡಿತು.

“ಏನದು ಸದ್ದು?”

“ಗಾಳಿಗೊಂದು ಕಿಂಡಿ ಇಟ್ಟೆ.”

“ಗಿಟಾರಿಗೇನು ಸೆಕೆಯಾ?”

ತೂತು ಮುಚ್ಚಬೇಕು, ಗುಂಯ್ ಸದ್ದೂ ಹೋಗಬೇಕು. ಲೋಹದ ಹಾಳೆ ಹೊದಿಸಿದರೆ ಆ ಸದ್ದು ಅಡಗುತ್ತದೆ ಎಂದು ರೇಡಿಯೊ ರಿಪೇರಿಯವನು ಹೇಳಿದ್ದ. ಅಡುಗೆಮನೆಯಿಂದ ಅಲ್ಯೂಮಿನಿಯಂ ಫಾಯಿಲ್ ತಂದು ವೈರುಗಳ ಗೂಡಿಗೆಲ್ಲ ಅಂಟಿಸಿ ಸ್ಪೀಕರ್ ಹಾಕಿದೆ. ಏನು ಶಾಂತಿ ಅಂತೀರಿ!

“ಕೇಳಿಸ್ತಾ? ಒಂದು ಚೂರೂ ಗುಂಯ್ ಇಲ್ಲ.”

“ಇಲ್ಲ. ಈಗ ಬಾರಿಸಿ ನೋಡೋಣ.”

ಬಾರಿಸಿದೆ. ಅದೂ ಇಲ್ಲ.

ನಾಲ್ಕಕ್ಕೆ ಮೊಮ್ಮಗಳು ಬಂದಳು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಹುಡುಗಿ ಗಿಟಾರನ್ನು ತಿರುಗಿಸಿ ನೋಡಿ ಆ ಹೊಂಡದ ಮೇಲೆ ಮೆಲ್ಲಗೆ ಕೈಯಾಡಿಸಿದಳು.

“ತಪ್ಪಾಯ್ತು ಕಣಮ್ಮ,” ಎಂದೆ.

“ತಪ್ಪು ಆಮೇಲೆ ತಾತ. ಟಾರ್ಚ್ ಹಿಡ್ಕೋ.”

ಬೆಸುಗೆ ಹಾಕಿದ ಜಾಗಕ್ಕೆ ನನ್ನ ಫಾಯಿಲ್ ತಗುಲಿ ಸದ್ದೆಲ್ಲ ಅಲ್ಲೇ ಸಾಯುತ್ತಿತ್ತಂತೆ. ಅದನ್ನು ಕತ್ತರಿಸಿ, ನಡುವೆ ಟೇಪು ಸುತ್ತಿ, ತಂತಿ ಮೀಟಿದಳು. ಗಂಟೆ ಹೊಡೆದ ಹಾಗೆ ಸ್ವಚ್ಛ ನಾದ! ನನ್ನ ಎದೆ ಉಬ್ಬಿತು. ಅವಳು ಗಿಟಾರನ್ನು ಹೆಗಲಿಗೆ ಹಾಕಿಕೊಂಡದ್ದೇ ತಡ, ಉಬ್ಬಿದ್ದು ಇಳಿಯಿತು. ಕಡ್ಡಿಯಂಥ ಹುಡುಗಿ, ಬಾಣಲೆಯಂಥ ಹೊಂಡ. ಗಿಟಾರ್ ಅವಳ ಮೈಗೆ ನಿಲ್ಲದೆ ಗಿರಗಿರ ತಿರುಗುತ್ತಿತ್ತು.

ನನ್ನಾಕೆ ಎದ್ದಳು. ಹಳೇ ಬನಿಯನ್ನಿಗೆ ಹತ್ತಿ ತುಂಬಿ ಹೊಲಿಗೆ ಯಂತ್ರದಲ್ಲಿ ಟರ್ರನೆ ದಿಂಬು ಹೊಲಿದಳು. ಹೊಂಡಕ್ಕೆ ಒತ್ತಿ ಕಟ್ಟಲು ಎಲಾಸ್ಟಿಕ್ ಬೇಕಾಯಿತು. ಸುತ್ತ ನೋಡಿದಳು. ಆಮೇಲೆ ನನ್ನ ಪೈಜಾಮ ನೋಡಿದಳು.

ಹೀಗಾಗಿ ಮೊಮ್ಮಗಳನ್ನು ಬೀಳ್ಕೊಡುವಾಗ ನಾನು ಒಂದೇ ಕೈ ಬೀಸಿದೆ. ಇನ್ನೊಂದಕ್ಕೆ ಬೇರೆ ಕೆಲಸವಿತ್ತು.

ಏಳಕ್ಕೆ ಕುಣಿಯುತ್ತಾ ಬಂದಳು. “ತಾತ, ಆಯ್ಕೆ ಆದ್ವಿ! ಪಕ್ಕೆ ಒಂಚೂರೂ ನೋಯಲಿಲ್ಲ.”

“ಗಿಟಾರ್ ಬಗ್ಗೆ ಯಾರಾದ್ರೂ ಕೇಳಿದ್ರಾ?” ಎಂದೆ, ಆದಷ್ಟು ಸಾದಾ ದನಿಯಲ್ಲಿ.

“ಓ, ಎಲ್ರೂ ಕೇಳಿದ್ರು. ಆ ದಿಂಬು ಯಾರು ಹೊಲಿದಿದ್ದು ಅಂತ. ಅಜ್ಜಿಗೆ ನಾಲ್ಕು ಆರ್ಡರ್ ಬಂದಿದೆ.”

ಅಂದಿನಿಂದ ನಾನು ದಿಂಬಿಗೆ ಹತ್ತಿ ಹಿಂಜುತ್ತಿದ್ದೇನೆ. ಇಷ್ಟಕ್ಕೂ ಹೊಂಡವೇ ಇಲ್ಲದಿದ್ದರೆ ದಿಂಬಿನ ಯೋಚನೆ ಬರುತ್ತಿತ್ತೇ, ನೀವೇ ಹೇಳಿ? ಆ ದೃಷ್ಟಿಯಿಂದ ನೋಡಿದರೆ ಈ ಉದ್ಯಮದ ಮೂಲಪುರುಷ...

“ರೀ ಮೂಲಪುರುಷರೇ, ತಟ್ಟೆ ಹಾಕಿದೀನಿ. ಮೀಸೆಗೆ ಹತ್ತಿ ಅಂಟಿದೆ, ತೊಳ್ಕೊಂಡು ಬನ್ನಿ.”