ಪರದೆಯ ಹಿಂದೆ ಮೂರು ರೆಕಾರ್ಡು

“ಪರದೆ ಕಟ್ಟಿ, ಅದರ ಹಿಂದೆ ಯಾವ ಜಾಝ್ ರೆಕಾರ್ಡು ಬೇಕಾದರೂ ಹಾಕಿ. ಅದು ಮೊದಲನೆಯ ಮುದ್ರಣವೋ, ಮರುಮುದ್ರಣವೋ, ಇಲ್ಲಾ ಮೊನ್ನೆ ಮೊನ್ನೆ ಸ್ಟುಡಿಯೋದಲ್ಲಿ ಹಳೆಯ ಧ್ವನಿಯನ್ನು ತಿಕ್ಕಿ ತೊಳೆದು ಹೊಸದು ಮಾಡಿದ್ದೋ, ನಾಲ್ಕೇ ಸೆಕೆಂಡಿನಲ್ಲಿ ಹೇಳುತ್ತೇನೆ. ಐದನೆಯ ಸೆಕೆಂಡು ಬೇಕಾದರೆ ನನ್ನ ಕಿವಿ ಕತ್ತರಿಸಿ!”

ಹೀಗೆ ಬರೆದು, ಕೆಳಗೆ ಸಹಿ ಜಡಿದು, ಹಲ್ಲಿನ ಡಾಕ್ಟರು ಕಾಗದವನ್ನು ರೆಕಾರ್ಡು ಸಂಗ್ರಾಹಕರ ಮಾಸಪತ್ರಿಕೆಗೆ ಕಳಿಸಿಬಿಟ್ಟರು. ಲಕೋಟೆ ಅಂಟಿಸುವ ಮುಂಚೆ ಹೆಂಡತಿ ಒಮ್ಮೆ ಕಣ್ಣಾಡಿಸಿದ್ದಳು.

“ಕಿವಿ ನಿಮ್ಮ ವಿಭಾಗ ಅಲ್ವಲ್ಲ ರೀ. ಹಲ್ಲು ಕೀಳಿ ಅಂತ ಬರೀಬಹುದಿತ್ತು.”

ಡಾಕ್ಟರು ಲಕೋಟೆಗೆ ಅಂಟು ಬಳಿದರು. ಒಂದೇ ಸಂಗೀತದ ಏಳು ಬೇರೆ ಬೇರೆ ಮುದ್ರಣಗಳನ್ನು ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡ ಮನುಷ್ಯನಿಗೆ ಇಂಥ ಮಾತು ಹೊಸದಲ್ಲ. “ಏಳರಲ್ಲೂ ಇರೋದು ಒಂದೇ ಅಲ್ವಾ?” ಎಂದು ಅವಳು ಒಮ್ಮೆ ಕೇಳಿದ್ದಳು.

“ಸಂಗೀತ ಒಂದೇ ಕಣೇ, ಗಾಳಿ ಬೇರೆ! ವಾದ್ಯಗಳ ನಡುವೆ ಗಾಳಿ ಇರ್ಬೇಕು. ಈ ಹೊಸ ಮುದ್ರಣದಲ್ಲಿ ಗಾಳೀನೇ ಇಲ್ಲ!”

“ಕಿಟಕಿ ತೆಗೀಲಾ?”

ನಗುವ ವಿಷಯವಲ್ಲ ಇದು. ಡಾಕ್ಟರಿಗೆ ಜಾಝ್ ಬಗ್ಗೆ ಮಾತಾಡಲು ಈ ಜಗತ್ತಿನಲ್ಲಿ ಸಿಕ್ಕಿದ್ದ ಶ್ರೋತೃಗಳೆಂದರೆ ಬಾಯಿ ತೆರೆದು ಮಲಗಿದ ರೋಗಿಗಳು ಮಾತ್ರ. ಅವರು “ಆ… ಆ…” ಎಂದರೆ ಅದು ಮೆಚ್ಚುಗೆಯೋ ನೋವೋ ಎಂದು ಇಪ್ಪತ್ತು ವರ್ಷವಾದರೂ ಗೊತ್ತಾಗಿರಲಿಲ್ಲ. ಬಾಯಿ ಮುಚ್ಚಿಕೊಂಡು, ತಾವಾಗಿಯೇ ಬಯಸಿ, ತನ್ನ ಮಾತು ಕೇಳುವ ಜನ ಬೇಕಿತ್ತು ಡಾಕ್ಟರಿಗೆ. ಅಂಥ ಜನ ಇದ್ದದ್ದು ಒಂದೇ ಕಡೆ: ಆ ಮಾಸಪತ್ರಿಕೆಯ ‘ಕಿವಿಮಾತು’ ಅಂಕಣದಲ್ಲಿ. ಹೊಸದಾಗಿ ಬಂದ ಮುದ್ರಣಗಳ ಧ್ವನಿ ಹೇಗಿದೆ ಎಂದು ಇಪ್ಪತ್ತೆರಡು ವರ್ಷದಿಂದ ಅಲ್ಲಿ ತೀರ್ಪು ಕೊಡುತ್ತಿದ್ದವರು ರೇಡಿಯೋದಿಂದ ನಿವೃತ್ತರಾದ ಒಬ್ಬ ಇಂಜಿನಿಯರು. ಓದುಗರು ಅವರನ್ನು ‘ಅಳತೆಗೋಲು’ ಎಂದೇ ಕರೆಯುತ್ತಿದ್ದರು. ಈಗ ಅವರ ಎಡಗಿವಿ ಮುಷ್ಕರ ಹೂಡಿತ್ತು, ಬಲಗಿವಿ ಅದಕ್ಕೆ ಬೆಂಬಲ ಸೂಚಿಸುತ್ತಿತ್ತು. ಅಂಕಣಕ್ಕೆ ಉತ್ತರಾಧಿಕಾರಿ ಬೇಕಾಗಿತ್ತು.

ವಾರದೊಳಗೆ ಉತ್ತರ ಬಂತು. “ಭಾನುವಾರ ಹನ್ನೊಂದಕ್ಕೆ ಸಂಪಾದಕರ ಜೊತೆ ನಿಮ್ಮ ಮನೆಗೇ ಬರುತ್ತೇನೆ. ಪರದೆ ಕಟ್ಟಿಡಿ. ಗೆದ್ದರೆ ಕಿವಿಮಾತು ನಿಮ್ಮದು. — ಅಳತೆಗೋಲು.”

ಭಾನುವಾರ ಬೆಳಗ್ಗೆ ಹತ್ತಕ್ಕೆ ರಣರಂಗ ಸಿದ್ಧ! ಕಿಟಕಿಯ ಸರಳಿನಿಂದ ಕಪಾಟಿನ ಹಿಡಿಗೆ ದೊಡ್ಡ ಹಾಸಿಗೆಯ ಹೊದಿಕೆಯೊಂದು ಪರದೆಯಾಗಿ ನಿಂತಿತ್ತು. ಅದರ ಎರಡು ಬದಿಗೆ ಎದೆಮಟ್ಟದ ಎರಡು ಸ್ಪೀಕರುಗಳು ದ್ವಾರಪಾಲಕರ ಹಾಗೆ. ಪರದೆಯ ಹಿಂದೆ ರೆಕಾರ್ಡು ಪ್ಲೇಯರು, ಹೆಂಡತಿಗೊಂದು ಕುರ್ಚಿ, ಮೂರು ರೆಕಾರ್ಡು. ಮೂರರಲ್ಲೂ ಒಂದೇ ಸಂಗೀತ: ಒಬ್ಬ ಟ್ರಂಪೆಟ್ ವಾದಕ ಮೂವರು ಜೊತೆಗಾರರೊಂದಿಗೆ ಅರವತ್ತು ವರ್ಷದ ಹಿಂದೆ ಯಾವುದೋ ಕ್ಲಬ್ಬಿನಲ್ಲಿ ನುಡಿಸಿದ್ದು. ಒಂದು ಮೊದಲ ಮುದ್ರಣ, ಇನ್ನೊಂದು ಮರುಮುದ್ರಣ, ಮೂರನೆಯದು ಹೋದ ವರ್ಷ ತಿಕ್ಕಿ ತೊಳೆದದ್ದು. ಈ ಮೂರನೆಯದನ್ನು ಡಾಕ್ಟರು ಪತ್ರಿಕೆಯ ಓದುಗರ ಪುಟದಲ್ಲಿ “ಪ್ಲಾಸ್ಟಿಕ್ ಹೂವು” ಎಂದು ಜರೆದಿದ್ದರು. ಹೆಂಡತಿ ತನಗೆ ಬೇಕಾದ ಕ್ರಮದಲ್ಲಿ ಮೂರನ್ನೂ ಹಾಕಬೇಕು, ಯಾವುದು ಯಾವುದೆಂದು ಡಾಕ್ಟರು ಚೀಟಿಯಲ್ಲಿ ಬರೆಯಬೇಕು. ಇಷ್ಟೇ!

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಡಾಕ್ಟರು ಕ್ಲಿನಿಕ್ಕಿನ ಭೂತಗನ್ನಡಿ ಹಣೆಗೆ ಕಟ್ಟಿಕೊಂಡು ಪ್ಲೇಯರಿನ ಸೂಜಿಯ ಮೊನೆಯನ್ನು ಪರೀಕ್ಷಿಸಿದರು. ಮೊನೆಯಲ್ಲಿ ಏನೋ ಕಪ್ಪು ಚುಕ್ಕೆ.

“ಕಲ್ಲು ಕಟ್ಟಿದೆ!” ಎಂದರು ಗಂಭೀರವಾಗಿ.

ಹಲ್ಲಿನ ಸಂದಿಯ ಕಲ್ಲು ಕೆರೆಯುವ ಸಣ್ಣ ಕೊಕ್ಕೆ ಕೈಗೆ ಬಂತು. ಸಾವಿರಾರು ದವಡೆಗಳಲ್ಲಿ ಪಳಗಿದ ಕೈ! ಒಂದು ಸಲ ಮೆಲ್ಲಗೆ ಕೆರೆದರು. ಎರಡನೆಯ ಸಲ—

ಟಕ್.

“ನೋವಾಯ್ತಾ?” ಎಂದು ಅಭ್ಯಾಸಬಲದಿಂದ ಡಾಕ್ಟರ ಬಾಯಿ ತಾನಾಗಿಯೇ ಕೇಳಿತು.

“ಯಾರಿಗೆ?” ಎಂದಳು ಹೆಂಡತಿ ಅಡುಗೆಮನೆಯಿಂದ.

ಅವಳು ಬಂದು ನೋಡುವಷ್ಟರಲ್ಲಿ ಡಾಕ್ಟರು ಹಣೆಯ ಗಾಜನ್ನೂ ತೆಗೆಯದೆ ನೆಲದ ಮೇಲೆ ಕೂತಿದ್ದರು. ಅವರ ಕಣ್ಣುಗಳು ತಟ್ಟೆಯಗಲ ಕಾಣುತ್ತಿದ್ದವು. ರೆಕಾರ್ಡು ಅಂಗಡಿಯವನಿಗೆ ಫೋನು ಮಾಡಿದ್ದಾಯಿತು. “ಈ ಸೂಜಿ ತರಿಸ್ಬೇಕು ಸಾರ್, ಮೂರು ವಾರ ಹಿಡಿಯುತ್ತೆ. ಅಲ್ಲೀತನಕ ರೇಡಿಯೋ ಕೇಳ್ತಿರಿ,” ಎಂದ ಆ ಪುಣ್ಯಾತ್ಮ. ಹೆಂಡತಿ ತನ್ನ ಅಮ್ಮನಿಗೆ ಮೆಸೇಜು ಹಾಕಿದಳು: ಅಪ್ಪನ ಹಳೇ ಪ್ಲೇಯರಿನಲ್ಲಿ ಸೂಜಿ ಇದೆಯಾ, ಇವರದು ಮುರಿದುಹೋಗಿದೆ. ಉತ್ತರವಿಲ್ಲ. ಗಂಟೆ ಹತ್ತೂಮುಕ್ಕಾಲು.

“ಹುಷಾರಿಲ್ಲ ಅಂತ ಹೇಳ್ಬಿಡಿ.”

“ಅವರು ರೈಲು ಇಳಿದಾಯ್ತು ಕಣೇ!”

“ಹಾಗಾದ್ರೆ ನಿಜ ಹೇಳಿ.”

“ಏನಂತ ಹೇಳ್ಲಿ? ಸೂಜಿಗೆ ಹಲ್ಲುಜ್ಜಿದೆ ಅಂತಲಾ?”

ಹೆಂಡತಿ ಕ್ಷಣಕಾಲ ಗಂಡನ ಮುಖ ನೋಡಿದಳು. ಭೂತಗನ್ನಡಿಯ ಹಿಂದೆ ನಿಜವಾಗಿಯೂ ನೀರು ತುಂಬಿತ್ತು.

“ಅದು ನನ್ನ ಫೋನಲ್ಲಿದೆ,” ಎಂದಳು.

“ಯಾವುದು?”

“ಇದೇ ಟ್ರಂಪೆಟ್ಟು. ಬಸ್ಸಲ್ಲಿ ಕೇಳ್ತೀನಿ.”

“ನೀನಾ? ಜಾಝಾ? ಯಾವ ಮುದ್ರಣ?”

“ಹೊಸದು. ನಿಮ್ಮ ಪ್ಲಾಸ್ಟಿಕ್ ಹೂವು. ಫೋನಿಗೆ ವೈರು ಸಿಗಿಸಿ ಅದನ್ನೇ ಮೂರು ಸಲ ಹಾಕ್ತೀನಿ. ನೀವು ಏನಾದ್ರೂ ಬರೀರಿ, ಸರಿ ಅಂತೀನಿ.” ಆಮೇಲೆ ದನಿ ತಗ್ಗಿಸಿದಳು. “ಹದಿನೈದು ವರ್ಷದಿಂದ ಕೋರ್ಟಲ್ಲಿ ಶಾರ್ಟ್‌ಹ್ಯಾಂಡ್ ಬರ್ಕೊಳ್ತಿದೀನಿ. ಎಂತೆಂಥ ಸುಳ್ಳುಸಾಕ್ಷಿ ನೋಡಿದೀನಿ. ನಾನೇ ಹೇಳೋದು ಇದೇ ಮೊದಲು.”

ಕರೆಗಂಟೆ ಮೊಳಗಿತು.

ಅಳತೆಗೋಲು ಹೆಸರಿಗೆ ತಕ್ಕಂತೆ ನೆಟ್ಟಗೆ, ತೆಳ್ಳಗೆ ಇದ್ದರು. ಸಂಪಾದಕರು ಗುಂಡಗಿದ್ದರು. ಅವರದು ತೂಗುವ ತಲೆ. ಯಾರು ಏನೇ ಅಂದರೂ “ಹೌದ್ಹೌದು” ಎನ್ನುವ ಕಂಠ. ಇಬ್ಬರೂ ಸೋಫಾದ ಮೇಲೆ ಕೂತರು. ಪಕ್ಕದ ಕುರ್ಚಿಯಲ್ಲಿ ಡಾಕ್ಟರು, ಮೊಣಕಾಲಿನ ಮೇಲೆ ಚೀಟಿ, ಚೀಟಿಯ ಮೇಲೆ ಬೆವರು.

“ಒಂದನೇದು ಹಾಕಿ ತಾಯಿ,” ಎಂದರು ಅಳತೆಗೋಲು.

ಪರದೆಯ ಹಿಂದೆ ಕವರಿನಿಂದ ರೆಕಾರ್ಡು ಎಳೆಯುವ ಸರಸರ ಸದ್ದು. ಆಹಾ, ಏನು ಅಭಿನಯ! ಟ್ರಂಪೆಟ್ ಏರಿತು. ಅಷ್ಟರಲ್ಲಿ ಡಾಕ್ಟರಿಗೆ ಸಿಡಿಲು ಬಡಿದಂತಾಯಿತು. ಚಿಟಪಟ ಇಲ್ಲ! ಹಳೆಯ ರೆಕಾರ್ಡೆಂದ ಮೇಲೆ ಚಿಟಪಟ ಬೇಡವೆ? ಅಳತೆಗೋಲಿನ ಹುಬ್ಬು ಮೇಲೇರತೊಡಗಿತು. ಡಾಕ್ಟರು ಜೋರಾಗಿ ಕೆಮ್ಮಿದರು. ಹೆಂಡತಿಗೆ ಏನು ಹೊಳೆಯಿತೋ, ಪರದೆಯ ಹಿಂದೆ ಖಾಲಿ ಬಿಸ್ಕತ್ತು ಪೊಟ್ಟಣವನ್ನು ಮೆಲ್ಲಗೆ ಹಿಸುಕಿದಳು.

ಚಿಟ್… ಪಟ… ಚಿಟಪಟ…

“ಓಹೋ!” ಅಳತೆಗೋಲು ಕಣ್ಣುಮುಚ್ಚಿದರು. “ಈ ಚಿಟಪಟ ಕೇಳಿ ಎಷ್ಟು ಕಾಲವಾಯ್ತು! ಇದು ಮೊದಲ ಮುದ್ರಣವೇ.”

“ಹೌದ್ಹೌದು,” ಎಂದರು ಸಂಪಾದಕರು. “ಬೆಚ್ಚಗಿದೆ.”

ಡಾಕ್ಟರು ಚೀಟಿಯಲ್ಲಿ “ಮೊದಲ ಮುದ್ರಣ” ಎಂದು ಬರೆದರು.

ಎರಡನೆಯದು ಶುರುವಾಯಿತು. ಈ ಸಲ ಒಂದು ವಿಚಿತ್ರ ನಡೆಯಿತು. ಅದೇ ಫೋನು, ಅದೇ ಪ್ಲಾಸ್ಟಿಕ್ ಹೂವು ಎಂದು ಡಾಕ್ಟರಿಗೆ ಚೆನ್ನಾಗಿ ಗೊತ್ತು. ಆದರೂ, ದೇವರಾಣೆ, ತಾಳವಾದ್ಯ ಸ್ವಲ್ಪ ಹಿಂದೆ ಸರಿದಂತೆ ಕೇಳಿಸಿತು! ಟ್ರಂಪೆಟ್ ಒಂದಿಷ್ಟು ಸಣ್ಣಗಾದಂತೆ! ಗಾಳಿ ಕೂಡ ಕಡಿಮೆಯಾದಂತೆ! ತಲೆ ಕೊಡವಿದರು, ಕಿವಿ ಉಜ್ಜಿಕೊಂಡರು. ಹೋಗಲಿಲ್ಲ. ಹಾಗಾದರೆ ಇಪ್ಪತ್ತು ವರ್ಷ ತಾನು ಕೇಳಿದ್ದೇನು? ಸಿಕ್ಕಿಬೀಳುವ ಭಯಕ್ಕಿಂತ ದೊಡ್ಡ ಭಯ ಅದು.

ಅಷ್ಟರಲ್ಲಿ ಎಡ ಸ್ಪೀಕರಿನಲ್ಲಿ, ಸ್ಫಟಿಕದಂತೆ—

ಟಿಂಗ್!

ಡಾಕ್ಟರ ಜೀವ ಬಾಯಿಗೆ ಬಂತು. ಮೆಸೇಜು! ಅತ್ತೆಯ ಉತ್ತರ!

ಅಳತೆಗೋಲು ಸೋಫಾದಿಂದ ಅರ್ಧ ಎದ್ದೇಬಿಟ್ಟಿದ್ದರು. “ಕೇಳಿದ್ರಾ? ಆ ಗಂಟೆ ಕೇಳಿದ್ರಾ ಡಾಕ್ಟ್ರೇ? ಸಣ್ಣ ಗಂಟೆ! ಈ ಸಂಗೀತ ನಾನು ಐನೂರು ಸಲ ಕೇಳಿದೀನಿ, ಇಲ್ಲೊಂದು ಗಂಟೆ ಇದೆ ಅಂತ ಗೊತ್ತೇ ಇರಲಿಲ್ಲ! ಅರವತ್ತು ವರ್ಷ ಹೂತುಹೋಗಿತ್ತು! ತೊಳೆದದ್ದಕ್ಕೆ ಈಚೆ ಬಂತು. ಇದು ಹೊಸ ಮುದ್ರಣ, ಅನುಮಾನವೇ ಇಲ್ಲ!”

“ಹೌದ್ಹೌದು! ಎಂಥಾ ಗಂಟೆ!”

“ನನ್ನ ಕೊನೇ ಅಂಕಣ ಈ ಗಂಟೆ ಮೇಲೇ ಬರೀತೀನಿ!” ಮುದುಕರ ಕಣ್ಣು ಒದ್ದೆಯಾಗಿತ್ತು. “ಕಿವಿ ಹೋಯ್ತು ಅಂದ್ಕೊಂಡಿದ್ದೆ ಡಾಕ್ಟ್ರೇ. ಹೋಗಿಲ್ಲ. ಇನ್ನೂ ಕೇಳಿಸುತ್ತೆ!”

ಡಾಕ್ಟರಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಆ ಗಂಟೆಯ ಮೇಲೆ ಅಂಕಣ ಅಚ್ಚಾಗುತ್ತದೆ. ನಾಡಿನ ಸಂಗ್ರಾಹಕರೆಲ್ಲ ರೆಕಾರ್ಡು ಹಾಕಿ ಗಂಟೆ ಹುಡುಕುತ್ತಾರೆ. ಸಿಗುವುದಿಲ್ಲ. ಈ ಒಳ್ಳೆಯ ಮನುಷ್ಯನ ಇಪ್ಪತ್ತೆರಡು ವರ್ಷದ ಮರ್ಯಾದೆ ತನ್ನ ಅತ್ತೆಯ ಒಂದು ಮೆಸೇಜಿಗೆ ಮಣ್ಣುಪಾಲು! ಹೇಳಿಬಿಡಬೇಕು. ಈಗಲೇ. ಬಾಯಿ ತೆರೆದರು.

“ಆ… ಆ…” ಎಂದಿತು ಗಂಟಲು. ತಮ್ಮ ರೋಗಿಗಳ ಸಂಕಟ ಅವರಿಗೆ ಮೊದಲ ಸಲ ಅರ್ಥವಾಯಿತು.

ಅಷ್ಟರಲ್ಲಿ ಮೂರನೆಯದು ಶುರುವಾಗಿತ್ತು. ಟ್ರಂಪೆಟ್ ತುತ್ತತುದಿಗೆ ಏರಿ ನಿಂತ ಗಳಿಗೆಯಲ್ಲೇ ಎರಡೂ ಸ್ಪೀಕರುಗಳು ಒಟ್ಟಿಗೆ ಟ್ರಿಣ್ ಟ್ರಿಣ್ ಎಂದು ಅರಚಿಕೊಂಡವು. ಪರದೆ ಅಲುಗಾಡಿತು. ಹಿಂದೆ ಕುರ್ಚಿ ಬಿದ್ದ ಸದ್ದು. ಕೆಂಪು ಗುಂಡಿ ಒತ್ತಲು ಹೋದ ಹೆಂಡತಿ ಗಡಿಬಿಡಿಯಲ್ಲಿ ಹಸಿರು ಒತ್ತಿದ್ದಳು. ಎದೆಮಟ್ಟದ ದ್ವಾರಪಾಲಕರಿಬ್ಬರೂ ಒಕ್ಕೊರಲಿನಿಂದ, ಕಿಟಕಿಯ ಗಾಜು ಅದುರುವಂತೆ ಮಾತಾಡಿದರು:

“ಏನೇ, ಮೆಸೇಜು ಹಾಕಿದ್ರೆ ನೋಡೋದಿಲ್ವೇನೇ? ನಿಮ್ಮಪ್ಪನ ಪ್ಲೇಯರಲ್ಲಿ ಸೂಜಿಗೀಜಿ ಇಲ್ಲ. ಪಾಪ, ಅಳಿಯಂದ್ರು ಸೂಜಿ ಮುರ್ಕೊಂಡು ಕೂತಿದಾರಾ? ಆ ಪರೀಕ್ಷೆ ಮಾಡೋ ಮುದುಕ ಬಂದ್ನಾ?”

ಮೌನ. ಅಂಥ ಮೌನವನ್ನು ಇದುವರೆಗೆ ಯಾರೂ ಮುದ್ರಿಸಿಲ್ಲ.

“ಧ್ವನಿ… ತುಂಬಾ ಸ್ಪಷ್ಟವಾಗಿದೆ,” ಎಂದರು ಸಂಪಾದಕರು, ಯಾರೂ ಏನೂ ಹೇಳದಿದ್ದರಿಂದ.

ಡಾಕ್ಟರು ಎದ್ದು ನಿಂತರು. ಸೂಜಿ, ಕೊಕ್ಕೆ, ಫೋನು, ಬಿಸ್ಕತ್ತು ಪೊಟ್ಟಣ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟರು. ಕೊನೆಗೆ, “ಇನ್ನೂ ಒಂದಿದೆ,” ಎಂದರು ತಲೆ ತಗ್ಗಿಸಿ. “ಮೂರೂ ಒಂದೇ ಅಂತ ಗೊತ್ತಿದ್ರೂ ನನಗೆ ಎರಡನೇದ್ರಲ್ಲಿ ಗಾಳಿ ಕಡಿಮೆ ಕೇಳಿಸ್ತು.”

“ನನಗೆ ಗಂಟೆ ಕೇಳಿಸ್ತು,” ಎಂದರು ಅಳತೆಗೋಲು, ಮೆಲ್ಲಗೆ. ಆ ದನಿ ಕೇಳಿ ಡಾಕ್ಟರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮುದುಕರು ಪರದೆಯ ಕಡೆ ತಿರುಗಿದರು. “ಈಚೆ ಬನ್ನಿ ತಾಯಿ. ನಮ್ಮ ಮೂರು ಜನದ ಕಿವಿ ಬಂಡವಾಳ ಬಯಲಾಯ್ತು. ಬಸ್ಸಲ್ಲಿ ಕೇಳೋರು ನೀವು. ನಿಮಗೆ ಇದರಲ್ಲಿ ಏನು ಕೇಳಿಸುತ್ತೆ?”

ಹೆಂಡತಿ ಫೋನು ಹಿಡಿದೇ ಈಚೆ ಬಂದಳು. ಮುಖ ಕೆಂಪಾಗಿತ್ತು.

“ನನಗೆ ಗಾಳಿ ಗೀಳಿ ಗೊತ್ತಾಗಲ್ಲ ಸಾರ್. ಪಿಯಾನೋ ನುಡಿಸೋರು ಜೊತೆಗೇ ಗುನುಗ್ತಾರೆ, ಸ್ವಲ್ಪ ಅಪಸ್ವರ. ಮಧ್ಯದಲ್ಲಿ ಒಂದು ಟೇಬಲಿನ ಹತ್ರ ಹೆಂಗಸೊಬ್ಬಳು ನಗ್ತಾಳೆ, ಆಮೇಲೆ ಯಾರೋ ಸುಮ್ಮನಿರಿಸ್ತಾರೆ. ಟ್ರಂಪೆಟ್‌ನೋರು ಕೊನೇಲಿ ಒಂದು ಕಡೆ ತಪ್ತಾರೆ. ತಪ್ಪಿದ್ದು ಗೊತ್ತಾಗಬಾರ್ದು ಅಂತ ಅದನ್ನೇ ಇನ್ನೆರಡು ಸಲ ನುಡಿಸ್ತಾರೆ. ಅದು ನನಗೆ ತುಂಬಾ ಇಷ್ಟ.”

ಅಳತೆಗೋಲು ಮತ್ತೊಮ್ಮೆ ಹಾಕಿಸಿದರು. ಸ್ಪೀಕರಿಗೆ ಬಲಗಿವಿ ಒತ್ತಿ ಮಂಡಿಯೂರಿ ಕೂತರು. ಗುನುಗು ಇತ್ತು. ನಗು ಇತ್ತು. ಕೊನೆಯಲ್ಲಿ ಟ್ರಂಪೆಟ್ ತಪ್ಪಿತು, ಅದೇ ತಪ್ಪನ್ನು ಎರಡು ಸಲ ಠೀವಿಯಿಂದ ನುಡಿಸಿತು. ಮುದುಕರು ಮಗುವಿನಂತೆ ನಕ್ಕುಬಿಟ್ಟರು.

“ಸಂಪಾದಕರೇ, ಕಿವಿಮಾತಿಗೆ ಕಿವಿ ಸಿಕ್ತು.”

“ಹೌದ್ಹೌದು!”

“ಮತ್ತೆ… ನಾನು?” ಎಂದರು ಡಾಕ್ಟರು.

“ನಿಮಗೂ ಕೆಲಸ ಇದೆ ಡಾಕ್ಟ್ರೇ. ಅವರು ಕೇಳೋವಾಗ ಮನೇಲಿ ಒಂದು ಚೂರೂ ಸದ್ದಾಗದ ಹಾಗೆ ನೋಡ್ಕೊಳ್ಳಿ.”

ಈಗ ‘ಕಿವಿಮಾತು’ ಹೆಂಡತಿಯ ಹೆಸರಿನಲ್ಲಿ ಬರುತ್ತದೆ. ಓದುಗರ ಕಾಗದಗಳು ಕಟ್ಟುಕಟ್ಟಾಗಿ ಬರುತ್ತವೆ. ಪ್ರತಿ ಭಾನುವಾರ ಹೊಸ ಸೂಜಿ, ಹೊಸ ಮುದ್ರಣ, ಶಾರ್ಟ್‌ಹ್ಯಾಂಡ್ ಪುಸ್ತಕದೊಂದಿಗೆ ಅವಳು ಹಜಾರದ ಬಾಗಿಲು ಹಾಕಿಕೊಳ್ಳುತ್ತಾಳೆ. ಡಾಕ್ಟರು ಫ್ಯಾನು ಆರಿಸಿ, ತೊಟ್ಟಿಕ್ಕುವ ನಲ್ಲಿಗೆ ಬಟ್ಟೆ ಸುತ್ತಿ, ಕರೆಗಂಟೆಯ ತಂತಿ ಕಿತ್ತು, ಚಪ್ಪಲಿ ಬಿಟ್ಟು, ಬಾಗಿಲಾಚೆ ಗೋಡೆಗೆ ಅಂಟಿಕೊಂಡು ಕಲ್ಲಿನ ವಿಗ್ರಹದಂತೆ ನಿಲ್ಲುತ್ತಾರೆ.

ಮೊನ್ನೆಯೂ ಹಾಗೇ ನಿಂತಿದ್ದರು. ಎರಡು ನಿಮಿಷವೂ ಆಗಿರಲಿಲ್ಲ. ಒಳಗೆ ಸಂಗೀತ ನಿಂತಿತು.

“ರೀ,” ಎಂದಳು ಹೆಂಡತಿ ಬಾಗಿಲ ಸಂದಿಯಿಂದ. “ಉಸಿರಾಡ್ತಿರೋದು ಕೇಳಿಸ್ತಿದೆ. ಮಹಡಿಗೆ ಹೋಗಿ ಉಸಿರಾಡ್ಕೊಂಡು ಬನ್ನಿ.”