ಕೊಬ್ಬರಿ ಮಂಡಿಯಲ್ಲಿ ನನ್ನ ಸಿನಿಮಾ ವಿಮರ್ಶೆ

ಸಿನಿಮಾ ನೋಡಿ ಬಂದು ನಾಲ್ಕು ಮಾತು ಬರೆಯುವುದರಲ್ಲಿ ಪ್ರಾಣಾಪಾಯವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಿ.ಎ.ಯಲ್ಲಿ ವಿಡಂಬನೆ ಎಂದರೇನು, ವ್ಯಂಗ್ಯ ಎಂದರೇನು ಎಂದು ಉರು ಹೊಡೆದು ಪಾಸಾಗಿದ್ದೆ. ಆದ್ದರಿಂದ ಅರಸೀಕೆರೆಯ ವಾರಪತ್ರಿಕೆಯ ಸಂಪಾದಕ ಪಾಪಣ್ಣ ನಾನು ಪಾಠ ಹೇಳುತ್ತಿದ್ದ ಟ್ಯುಟೋರಿಯಲ್‌ಗೆ ಬಂದು, "ಮೇಷ್ಟ್ರೇ, ಹೊಸಾ ಪಿಚ್ಚರ್ ಬಂದೈತೆ, ಏನಾದ್ರೂ ಬರ್ಕೊಡಿ. ಅರ್ಧ ಪುಟ ಖಾಲಿ ಉಳ್ಕಂಡೈತೆ" ಎಂದಾಗ, ಸಾಹಿತ್ಯಲೋಕವೇ ನನ್ನನ್ನು ಕೈಬೀಸಿ ಕರೆದಂತಾಯಿತು.

ಒಪ್ಪಿಕೊಳ್ಳಲು ಇನ್ನೊಂದು ಕಾರಣವಿತ್ತು. ಆ ಕಾರಣದ ಹೆಸರು ಉಮಾ. ಕೊಬ್ಬರಿ ವರ್ತಕರಾದ ಸಿದ್ದಮಲ್ಲಪ್ಪನವರ ಮಗಳು. ನಮ್ಮಿಬ್ಬರ ಮದುವೆಯ ಮಾತಾಗಿ, ಮುಂದಿನ ತಿಂಗಳು ಹೂ ಮುಡಿಸುವುದೆಂದು ಗೊತ್ತಾಗಿತ್ತು. ಆದರೆ ಮಂಡಿಯಲ್ಲಿ ಸದಾ ತಕ್ಕಡಿಯ ಮುಂದೆ ಕೂರುವ ಸಿದ್ದಮಲ್ಲಪ್ಪನವರಿಗೆ, ಟ್ಯುಟೋರಿಯಲ್ ಮೇಷ್ಟ್ರ ತೂಕ ಕೊಂಚ ಕಡಿಮೆ ಬಿತ್ತು ಎಂಬ ಅನುಮಾನ ಉಳಿದಿತ್ತು. ಪತ್ರಿಕೆಯಲ್ಲಿ ಹೆಸರು ಬಂದರೆ ತೂಕ ತಾನಾಗಿ ಏರುತ್ತದೆ ಎಂದುಕೊಂಡೆ.

ಚಿತ್ರ ಬಹಳ ಚೆನ್ನಾಗಿತ್ತು. ಒಂದು ಬಂಗಲೆ, ಅದರ ತುಂಬ ಶ್ರೀಮಂತ ವರ್ತಕರು. ಯಜಮಾನ, ಸೊಸೆಯರು, ಅಳಿಯಂದಿರು, ಜ್ಯೋತಿಷಿ, ಒಂದು ಬೊಜ್ಜು ಬಂದ ನಾಯಿ. ನಾಯಕನೆಂದು ಯಾರೂ ಇಲ್ಲ, ಎಲ್ಲರೂ ಸಮಾನವಾಗಿ ನಗೆಪಾಟಲಾಗುತ್ತಾರೆ. ನಾನು ಹುರುಪಿನಿಂದ, "ಕೊಬ್ಬಿದ ವರ್ತಕರ ಬಣ್ಣ ಬಯಲು" ಎಂದು ತಲೆಬರಹ ಕೊಟ್ಟೆ. ಪುನರುಕ್ತಿಯಿಂದ ಪರಿಣಾಮ ಹೆಚ್ಚುತ್ತದೆ ಎಂದು ಕಾಲೇಜಿನಲ್ಲಿ ಹೇಳಿದ್ದರು. ಹಾಗಾಗಿ ಕೊಬ್ಬಿದ ವರ್ತಕರ ದುರಾಸೆ, ಕೊಬ್ಬಿದ ವರ್ತಕರ ಜಂಬ, ಕೊಬ್ಬಿದ ವರ್ತಕರ ನಾಯಿ ಎಂದು ಸಾಲು ಸಾಲಾಗಿ ಬರೆದೆ.

ಪತ್ರಿಕೆ ಬರುವ ಮುನ್ನಾದಿನ ಸಿದ್ದಮಲ್ಲಪ್ಪನವರಿಗೆ ನಾನೇ ಹೋಗಿ ತಿಳಿಸಿದೆ. "ನಾಳೆ ಪೇಪರ್ ನೋಡಿ ಸಾರ್, ನಿಮಗೆ ಆಶ್ಚರ್ಯ ಕಾದಿದೆ." ಪಾಪ, ಅವರು ಒಂದು ಕಟ್ಟು ಪತ್ರಿಕೆ ತರಿಸಿ, "ನಮ್ ಅಳಿಯ ಆಗೋರು ಬರ್ದವ್ರೆ" ಎಂದು ಅಂಗಡಿ ಅಂಗಡಿಗೂ ತಾವೇ ಹಂಚಿದರಂತೆ. ಓದುವ ಮೊದಲೇ!

ಪತ್ರಿಕೆ ಬಂದ ದಿನ ಮಧ್ಯಾಹ್ನ, ನನ್ನ ಪ್ರತಿ ಕೈಗೆ ಸಿಗುವ ಮೊದಲೇ, ಇಸ್ತ್ರಿ ಅಂಗಿ ತೊಟ್ಟು ಅಭಿನಂದನೆ ಸ್ವೀಕರಿಸಲು ಮಂಡಿಗೆ ಹೋದೆ. ಹಿಂಭಾಗದಲ್ಲಿ ಚಿಪ್ಪು ಒಡೆಯುವ ಟಕ್ ಟಕ್ ಸದ್ದು ನನ್ನನ್ನು ಕಂಡೊಡನೆ ನಿಂತಿತು. ಸಿದ್ದಮಲ್ಲಪ್ಪನವರು ಒಳಗಿನಿಂದ ಬಂದರು. ಕೈಯಲ್ಲಿ ಮಚ್ಚು! ಅವರ ಹಿಂದೆ ಪಕ್ಕದ ಮಂಡಿಯ ನಂಜುಂಡಪ್ಪ, ಅವರ ಹಿಂದೆ ಇಡೀ ಬೀದಿ.

"ಏನ್ಲಾ ಸಿದ್ದಮಲ್ಲ, ನಮ್ಮನ್ನ ಬೈಯ್ಸಾಕೆ ಅಂತ್ಲೇ ಅಳಿಯನ್ನ ಹುಡುಕಿದ್ದಾ?" ಎಂದು ನಂಜುಂಡಪ್ಪ ಪತ್ರಿಕೆಯನ್ನು ನನ್ನ ಮೂಗಿಗೆ ಹಿಡಿದರು.

ಓದಿದೆ. "ಕೊಬ್ಬರಿ ವರ್ತಕರ ಬಣ್ಣ ಬಯಲು!" ಕೆಳಗೆ ಕೊಬ್ಬರಿ ವರ್ತಕರ ದುರಾಸೆ, ಕೊಬ್ಬರಿ ವರ್ತಕರ ಜಂಬ, ಕೊಬ್ಬರಿ ವರ್ತಕರ ನಾಯಿ. ಆ ಮುದ್ರಣಾಲಯದಲ್ಲಿ ವಾರವಾರವೂ ಕೊಬ್ಬರಿ ಧಾರಣೆಗೆ ಅಚ್ಚಿನ ಮೊಳೆ ಜೋಡಿಸಿ ಜೋಡಿಸಿ, "ಕೊ" ಕಂಡರೆ ಸಾಕು, ಜೋಡಿಸುವವನ ಕೈ ತಾನಾಗಿ "ಬ್ಬರಿ"ಯ ಕಡೆ ಹೋಗುತ್ತಿತ್ತು.

ನನಗೆ ಹೋದ ಜೀವ ಬಂತು. "ಅಯ್ಯೋ, ಇದು ಅಚ್ಚಿನ ತಪ್ಪು! ನಾನು ಕೊಬ್ಬರಿ ವರ್ತಕರು ಅಂತ ಬರೆದೇ ಇಲ್ಲ!"

"ಮತ್ತೇನ್ ಬರ್ದಿದ್ರಿ?" ಎಂದರು ಸಿದ್ದಮಲ್ಲಪ್ಪ.

"ಕೊಬ್ಬಿದ ವರ್ತಕರು ಅಂತ!"

ಇಡೀ ಬೀದಿ ಇನ್ನೊಂದು ಹೆಜ್ಜೆ ಒಳಗೆ ಬಂತು.

"ಓಹೋ," ಎಂದರು ನಂಜುಂಡಪ್ಪ. "ಕಸುಬು ಹಿಡ್ದು ಬೈದಿಲ್ಲ, ಗುಣ ಹಿಡ್ದೇ ಬೈದವ್ರೆ ಅನ್ನಿ!"

ಸಿದ್ದಮಲ್ಲಪ್ಪ ಒಂದು ಹೆಜ್ಜೆ ಮುಂದಿಟ್ಟರು. ನಾನು ಹಿಂದಿಟ್ಟೆ. ಉಂಡೆ ಕೊಬ್ಬರಿಯ ರಾಶಿಯ ಮೇಲೆ ಹಿಮ್ಮುಖವಾಗಿ ನಡೆಯುವುದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ಕಾಲಡಿಯ ಉಂಡೆಗಳು ಉರುಳಿದವು, ಅವುಗಳ ಜೊತೆ ನಾನೂ ಉರುಳಿದೆ. ಅಂಗಾತ ಬಿದ್ದವನಿಗೆ ಕಂಡದ್ದು ಮೇಲೆತ್ತಿದ ಮಚ್ಚೊಂದೇ. ಎರಡೂ ಕೈ ಜೋಡಿಸಿ ಅರಚಿದೆ: "ಉಮಾ ಒಳ್ಳೇ ಹುಡುಗಿ! ಬೇರೆ ಕಡೆ ಕೊಟ್ಟುಬಿಡಿ!"

ಅವರು ಮಚ್ಚು ಎತ್ತಿದ್ದು ಹಿಂದಿದ್ದ ಆಳಿಗೆ ಕೊಡಲು, ಬಗ್ಗಿದ್ದು ನನ್ನನ್ನು ಎತ್ತಲು, ಅಷ್ಟೆ. ಇದು ನನಗೆ ಆಮೇಲೆ ತಿಳಿಯಿತು. ಈಗಲೂ ಯಾರಾದರೂ ದೇವರಿಗೆ ಕಾಯಿ ಒಡೆದರೆ ನನ್ನ ಕೈ ಕುತ್ತಿಗೆಗೆ ಹೋಗುತ್ತದೆ.

ಸಂಜೆ ಉಮಾ ಟ್ಯುಟೋರಿಯಲ್ ಬಾಗಿಲಿಗೇ ಬಂದಳು.

"ಮಚ್ಚು ಕಂಡ ತಕ್ಷಣ ನನ್ನ ಬಿಟ್ಕೊಟ್ರಂತೆ?"

"ಹಾಗಲ್ಲ ಉಮಾ, ಪ್ರಾಣ ಉಳಿದ್ರೆ ತಾನೇ..."

"ಬೇರೆ ಕಡೆ ಕೊಡಿ ಅನ್ನೋಕೆ ನಾನೇನು ಕೊಬ್ಬರಿ ಮೂಟೆಯಾ? ನಮ್ಮಪ್ಪ ನಿಜವಾಗ್ಲೂ ಬೇರೆ ಗಂಡು ಹುಡುಕ್ತಾ ಇದಾರೆ. ಈಗೇನ್ ಮಾಡ್ತೀರಾ ಹೇಳಿ."

"ತಿದ್ದುಪಡಿ ಹಾಕಿಸ್ತೀನಿ!" ಎಂದು ಘೋಷಿಸಿದೆ.

ಹಾಕಿಸಿದೆ. ಮುಂದಿನ ವಾರ ದಪ್ಪಕ್ಷರದಲ್ಲಿ ಬಂತು: "ಕಳೆದ ಸಂಚಿಕೆಯಲ್ಲಿ ‘ಕೊಬ್ಬರಿ ವರ್ತಕರು’ ಎಂದಿರುವ ಕಡೆಯಲ್ಲೆಲ್ಲ ‘ಕೊಬ್ಬಿದ ವರ್ತಕರು’ ಎಂದು ಓದಿಕೊಳ್ಳತಕ್ಕದ್ದು." ಊರಿನವರು ವಿಧೇಯರಾಗಿ ಹಾಗೆಯೇ ಓದಿಕೊಂಡರು. ಹಳೆಯ ಸಂಚಿಕೆ ಎಸೆದಿದ್ದವರೂ ಎರವಲು ತಂದು ಓದಿಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಕೊಬ್ಬರಿ ವರ್ತಕರು ಎಂಬ ಮಾತೇ ನಿಂತು, ತಿದ್ದಿದ ರೂಪವೇ ಬಳಕೆಗೆ ಬಂತು.

ಕೊನೆಗೆ ಉಮಾಳೇ ತನ್ನಪ್ಪನನ್ನು ಕೇಳಿದಳಂತೆ: "ಅಲ್ಲಪ್ಪಾ, ಪಿಚ್ಚರೇ ನೋಡ್ದೆ ಇಷ್ಟೊಂದು ಸಿಟ್ಟು ಮಾಡ್ಕಂಡ್ರೆ ಹೆಂಗೆ?"

ಹಾಗೆ ಒಂದು ಭಾನುವಾರ ಇಡೀ ಮಂಡಿ ಬೀದಿ ಮ್ಯಾಟಿನಿಗೆ ಹೊರಟಿತು. ನನ್ನನ್ನು ಸಿದ್ದಮಲ್ಲಪ್ಪ ಮತ್ತು ನಂಜುಂಡಪ್ಪನವರ ನಡುವೆ ಆರೋಪಿಯಂತೆ ಕೂರಿಸಲಾಯಿತು. ತೆರೆಯ ಮೇಲೆ ಯಜಮಾನ ಪರರ ಮದುವೆಗೆ ಹೋಗಿ, ತನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಲ್ಲವೆಂದು ಮೀಸೆ ತಿರುವಿದ. ಪಕ್ಕಕ್ಕೆ ನೋಡಿದೆ. ಸಿದ್ದಮಲ್ಲಪ್ಪನವರೂ ಮೀಸೆ ತಿರುವುತ್ತಿದ್ದರು! ನನ್ನ ಕಥೆ ಮುಗಿಯಿತು ಎಂದು ಕಣ್ಣು ಮುಚ್ಚಿದೆ.

ಅಷ್ಟರಲ್ಲಿ ನಂಜುಂಡಪ್ಪ ತೊಡೆ ತಟ್ಟಿ ನಕ್ಕರು. "ಲೋ ಸಿದ್ದಮಲ್ಲ, ಇವ್ರು ತಿಪಟೂರಿನೋರು ಕಣ್ಲಾ!"

"ಹೌದ್ ಕಣ್ಲಾ! ಅವ್ರ ಜಂಬ ನೋಡು, ಹಂಗೇ ತೆಗ್ದವ್ರೆ!"

ಕೊಬ್ಬರಿ ವ್ಯಾಪಾರದಲ್ಲಿ ತಿಪಟೂರು ನಮ್ಮೂರಿನ ಹಳೆಯ ಎದುರಾಳಿ. ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಜಮಾನ ತಿಪಟೂರಿನವನಾದ, ಸೊಸೆಯರು ತಿಪಟೂರಿನವರಾದರು, ನಾಯಿ ಕೂಡ ತಿಪಟೂರಿನದಾಯಿತು. ವಿಡಂಬನೆಯೆಂಬ ಕನ್ನಡಿಯಲ್ಲಿ ಯಾರಿಗೂ ತಮ್ಮ ಮುಖ ಕಾಣುವುದಿಲ್ಲ ಎಂದು ಬಿ.ಎ.ಯಲ್ಲಿ ಓದಿದ್ದ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ನನ್ನ ಜೀವನದ ಅತ್ಯುತ್ತಮ ವಿಮರ್ಶೆ ಅದು!

ಹೊರಗೆ ಬಂದ ಮೇಲೆ ಸಿದ್ದಮಲ್ಲಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಫಸ್ಟ್ ಕ್ಲಾಸ್ ಪಿಚ್ಚರ್. ಅಷ್ಟು ಓದಿ ನಿಮಗೆ ಇದು ತಿಪಟೂರಿನೋರ ಕತೆ ಅಂತ ಗೊತ್ತಾಗ್ಲಿಲ್ವಲ್ಲ ಮೇಷ್ಟ್ರೇ! ಇರ್ಲಿ ಬಿಡಿ, ಹೂ ಮುಡ್ಸೋ ದಿನ ನೋಡ್ಸಣ."

ಮದುವೆ ಚೆನ್ನಾಗಿಯೇ ಆಯಿತು. ಬಂದ ನೆಂಟರಿಗೆಲ್ಲ ಮಾವನವರು ನನ್ನನ್ನು ಹೆಮ್ಮೆಯಿಂದ ಪರಿಚಯಿಸಿದರು: "ನಮ್ಮ ಅಳಿಯಂದ್ರು. ಬಿ.ಎ. ಓದವ್ರೆ. ಈಗೇನೂ ಬರೆಯಲ್ಲ."

"ಹೌದಾ? ಒಳ್ಳೇ ಕೆಲ್ಸ ಮಾಡಿದ್ರಿ ಬಿಡಿ!" ಎಂದು ಅವರೆಲ್ಲ ನನ್ನ ಕೈ ಕುಲುಕಿದರು. ನನ್ನ ಬರವಣಿಗೆಗೆ ಸಿಕ್ಕ ಮೆಚ್ಚುಗೆ ಇಂದಿಗೂ ಅದೊಂದೇ.